ಮೂರು ಸೀಳು ಬಿಚ್ಚಿಟ್ಟ ತಾವರೆಯ ಗುಟ್ಟು

ಅದೇ ಕೆರೆ, ಅದೇ ಕೆಸರು. ತಾವರೆಯೂ ಅಲ್ಲೇ, ನೈದಿಲೆಯೂ ಅಲ್ಲೇ. ಎರಡಕ್ಕೂ ದುಂಡನೆಯ ಎಲೆ, ಎಸಳಿನ ಮೇಲೆ ಎಸಳು. ಹತ್ತಿರದ ನೆಂಟರಲ್ಲ ಎಂದರೆ ಯಾರು ನಂಬುತ್ತಾರೆ? 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೂಡ ತಾವರೆಗೆ 'ನಿಂಫಿಯಾ ನೆಲುಂಬೊ' ಎಂದು ಹೆಸರಿಟ್ಟು ನೈದಿಲೆಯ ಕುಲಕ್ಕೇ ಸೇರಿಸಿದ್ದ.

ಈಗ ಎರಡೂ ಹೂಗಳ ಕೇಸರವನ್ನು ಗಾಜಿನ ಪಟ್ಟಿಯ ಮೇಲೆ ಕೊಡವಿ ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಿ. ನೈದಿಲೆಯ ಪರಾಗದ ಸುತ್ತ, ಸೊಂಟಕ್ಕೆ ಒಡ್ಯಾಣ ಬಿಗಿದಂತೆ, ಒಂದೇ ಒಂದು ಉಂಗುರದ ಸೀಳು. ತಾವರೆಯದಕ್ಕೆ? ಮೂರು ಉದ್ದ ಸೀಳುಗಳು, ಅಳೆದಿಟ್ಟಷ್ಟು ಸಮ ಅಂತರದಲ್ಲಿ!

ಈ ಸೀಳು ಬರೀ ಅಲಂಕಾರವಲ್ಲ. ಹೂವಿನ ಹೆಣ್ಣುಭಾಗದ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದ ಪರಾಗ ತನ್ನ ನಾಳವನ್ನು ಹೊರಚಾಚುವ ಬಾಗಿಲು ಅದು. ಮಾವು, ಸಾಸಿವೆ, ಸೂರ್ಯಕಾಂತಿ ಎಲ್ಲಕ್ಕೂ ಮೂರು ಬಾಗಿಲು. ಹೂಬಿಡುವ ಗಿಡಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಮೂರು ಸೀಳಿನ ವಂಶದ್ದೇ. ಆ ವಂಶದ ಪರಾಗ ಸುಮಾರು ಹನ್ನೆರಡೂವರೆ ಕೋಟಿ ವರ್ಷ ಹಳೆಯ ಕಲ್ಲಿನಲ್ಲೂ ಸಿಗುತ್ತದೆ, ಸೀಳಿನ ಸಮೇತ! ಕಾರಣ ಅದರ ಹೊರಗೋಡೆ. ಸ್ಪೋರೋಪಾಲೆನಿನ್ ಎಂಬ ಆ ವಸ್ತು ಎಷ್ಟು ಗಟ್ಟಿಯೆಂದರೆ, ಸ್ವೀಡನ್ನಿನ ಗುನ್ನಾರ್ ಎರ್ಟ್‌ಮನ್ ಪರಾಗವನ್ನು ಗಂಧಕಾಮ್ಲ ಬೆರೆತ ದ್ರಾವಣದಲ್ಲಿ ಕಾಯಿಸುತ್ತಿದ್ದರು. ಒಳಗಿನದೆಲ್ಲ ಕರಗಿ, ಗೋಡೆಯ ಕೆತ್ತನೆ ಮಾತ್ರ ಚೊಕ್ಕಟವಾಗಿ ಉಳಿಯುತ್ತಿತ್ತು. ಕುಟುಂಬದಿಂದ ಕುಟುಂಬಕ್ಕೆ ಆ ಕೆತ್ತನೆ ಬದಲಾಗುವ ಬಗೆಯನ್ನು ಅವರು 1952ರ ತಮ್ಮ ಮಹಾಗ್ರಂಥದಲ್ಲಿ ದಾಖಲಿಸಿದರು.

ಏನೆಲ್ಲ ರೂಪಗಳು ಅಂತೀರಿ! ದಾಸವಾಳದ್ದು ಮೈತುಂಬ ಮುಳ್ಳು, ನೂರು ಮೈಕ್ರಾನಿಗೂ ದಪ್ಪ. ಜಾಲಿಯದು ಸಾಮಾನ್ಯವಾಗಿ ಹದಿನಾರು ಕಣ ಒಟ್ಟಿಗೆ ಅಂಟಿದ ಗಂಟು. ಹುಲ್ಲಿನ ಕುಟುಂಬದ್ದು ನುಣುಪು ಗೋಳ, ಸುತ್ತ ಅಂಚುಕಟ್ಟಿದ ಒಂದೇ ರಂಧ್ರ. ಭತ್ತವೋ ಗರಿಕೆಯೋ ಎಂದು ಹೇಳುವುದು ಕಷ್ಟ, ಹುಲ್ಲಿನ ಮನೆಯದು ಎನ್ನಲು ಮಾತ್ರ ಒಂದು ನೋಟ ಸಾಕು. ಪರಾಗದ ನಿಜವಾದ ಬಲ ಅದೇ: ಜಾತಿಯ ಹೆಸರಲ್ಲಿ ತಡವರಿಸಿದರೂ ಮನೆತನವನ್ನು ಅದು ಮುಚ್ಚಿಡುವುದಿಲ್ಲ.

ಹಾಗಾದರೆ ತಾವರೆಯ ಮನೆತನ ಯಾವುದು? ನೈದಿಲೆಯದಂತೂ ಅಲ್ಲ ಎಂದು ಮೂರು ಸೀಳು ಮೊದಲೇ ಸುಳಿವು ಕೊಟ್ಟಿತ್ತು. 1990ರ ದಶಕದಲ್ಲಿ ಡಿಎನ್‌ಎ ಓದಿದಾಗ ಸಿಕ್ಕ ನೆಂಟರನ್ನು ಊಹಿಸಬಲ್ಲಿರಾ? ನೀರಿನ ಗಿಡವೇ ಅಲ್ಲ, ಮರಗಳು! ಕೊಡಗಿನ ಕಾಫಿ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದೂ ತಾವರೆಯ ಬಳಗದ್ದೇ. ಅದರ ಪರಾಗವೋ, ಮುಕ್ಕೋನ. ಮೂಲೆಗೊಂದರಂತೆ ರಂಧ್ರ, ಮತ್ತೆ ಮೂರು!