ಉರಿ ಪಾತ್ರೆಯ ಅಂಚು ದಾಟದಿರಲಿ

ಸೌದೆ ಒಲೆ ಊದಿದ ಅಜ್ಜಿಯರಿಗೆ ಬೆಂಕಿಯ ಸ್ವಭಾವ ಗೊತ್ತು. ಮೊಮ್ಮಕ್ಕಳಿಗೆ ಗೊತ್ತಿರುವುದು ಗ್ಯಾಸ್ ಒಲೆಯ ತಿರುಗುಗುಂಡಿ ಮಾತ್ರ. ಇಬ್ಬರೂ ಜೊತೆಯಲ್ಲಿ ಕೂತು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಉರಿಯ ಬಣ್ಣ ನೋಡಿ. ನೀಲಿಯಾಗಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಸಿಗುತ್ತಿದೆ. ಹಳದಿ ನಾಲಗೆ ಚಾಚಿ ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಹೆಚ್ಚಾಗಿ ಬರ್ನರ್ ತೂತುಗಳು ಕಟ್ಟಿಕೊಂಡಿರುತ್ತವೆ. ಹೀಗೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಮ್ಮ ಮನೆಯಲ್ಲಿ ಭಾನುವಾರ ಬರ್ನರ್ ಆರಿದ ಮೇಲೆ ಎತ್ತಿ, ಸೋಪಿನ ನೀರಲ್ಲಿ ತೊಳೆದು, ತೂತು ಬಿಡಿಸಿ, ಚೆನ್ನಾಗಿ ಒಣಗಿಸಿ ಕೂರಿಸುತ್ತೇವೆ.

ಇನ್ನು ಪಾತ್ರೆ. ಕಾಫಿಯ ಪುಟ್ಟ ಪಾತ್ರೆಗೆ ಚಿಕ್ಕ ಬರ್ನರ್ ಸಾಕು. ದೊಡ್ಡದರ ಮೇಲಿಟ್ಟರೆ ಉರಿ ಪಕ್ಕದಲ್ಲಿ ಮೇಲೇರಿ ಹಿಡಿಯನ್ನು ಸುಡುತ್ತದೆ, ಗ್ಯಾಸೂ ದಂಡ. ಹಾಗೆಂದು ಹಬ್ಬದ ದಿನ ಎರಡೂ ಬರ್ನರ್ ಮುಚ್ಚುವಂಥ ತಪ್ಪಲೆ ಇಡುವುದೂ ಸರಿಯಲ್ಲ. ಶಾಖ ಕೆಳಕ್ಕೆ ತಿರುಗಿ ಒಲೆಯನ್ನೇ ಕಾಯಿಸುತ್ತದೆ, ಗಾಜಿನ ಮೇಲ್ಮೈ ಬಿರಿಯಲೂಬಹುದು. ದುಂಡು ತಳದ ಬಾಣಲೆ ಅಲುಗಾಡಿದರೆ ಅದರಲ್ಲಿ ಎಣ್ಣೆ ಕಾಯಿಸಬೇಡಿ. ಮುದ್ದೆ ತಿರುವುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿಕೊಳ್ಳುವುದೇ ಲೇಸು. ಸೆರಗಿನಲ್ಲಿ ಬಿಸಿ ಪಾತ್ರೆ ಇಳಿಸುವ ಅಭ್ಯಾಸ ನನಗಂತೂ ಭಯ ಹುಟ್ಟಿಸುತ್ತದೆ. ಇಕ್ಕಳ ಇರುವುದು ಮತ್ತೇತಕ್ಕೆ?

ಹಾಲಿಗೆ ಎತ್ತರದ ಪಾತ್ರೆ ಬೇಕು. ಉಕ್ಕಿದ ಹಾಲು ಉರಿಯನ್ನು ಆರಿಸುತ್ತದೆ, ಗ್ಯಾಸನ್ನು ನಿಲ್ಲಿಸುವುದಿಲ್ಲ! ಉರಿಯಿಲ್ಲದೆ ಹೊರಬರುವ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆ ಅಷ್ಟಾಗಿ ಇಲ್ಲ. ನಮಗೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸುತ್ತಾರೆ. ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಅಜ್ಜಿಗೆ ತಿಳಿಯದ ವಾಸನೆ ಹತ್ತು ವರ್ಷದ ಮೊಮ್ಮಗಳಿಗೆ ತಿಳಿಯಬಹುದು. ಮಕ್ಕಳು "ಗ್ಯಾಸ್ ವಾಸನೆ" ಎಂದರೆ "ಸುಮ್ನಿರು" ಎನ್ನಬೇಡಿ.

ಆಗ ಲೈಟಿನ, ಫ್ಯಾನಿನ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ದೇವರ ದೀಪ, ಊದುಬತ್ತಿ ಹಚ್ಚಬಾರದು. ದೊಡ್ಡವರು ಒಲೆಯನ್ನೂ ರೆಗ್ಯುಲೇಟರನ್ನೂ ಮುಚ್ಚಿ ಕಿಟಕಿ ಬಾಗಿಲು ತೆರೆಯಲಿ, ಮಕ್ಕಳು ಹೊರಗೆ ಓಡಲಿ. ಮನೆಯಿಂದ ಆಚೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅನುಮಾನ ಬಂದಲ್ಲಿ ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಸೋಪಿನ ನೊರೆ ಹಚ್ಚಿದರೆ ಸಾಕು, ಸೋರುವ ಕಡೆ ಗುಳ್ಳೆ ಏಳುತ್ತದೆ. ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಬಿರುಕು ಕಂಡರೆ ಅಂದೇ.

ಮಕ್ಕಳಿಗೊಂದು ಕೆಲಸವಿದೆ. ಸಿಲಿಂಡರಿನ ಕುತ್ತಿಗೆಯ ಬಳಿಯ ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಕೊನೆಯ ಮೂರು ತಿಂಗಳು. ಅಂಕಿ ಇಸವಿಯದು. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು. ಮುಂದಿನ ಸಲ ಸಿಲಿಂಡರ್ ಬಂದಾಗ ಅಜ್ಜನಿಗೆ ಓದಿ ಹೇಳಿ. ಗಡುವು ದಾಟಿದ್ದರೆ ತಂದವರ ಕೈಯಲ್ಲೇ ಹಿಂದಕ್ಕೆ ಕಳಿಸಿ.