ದಾರಿ ತೋರಿಸುವವನಿಗೂ ದಾರಿ ತಿಳಿದಿರಬೇಡವೆ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಮನೆ ಕಟ್ಟುವ ನೆಲ ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಆದ್ದರಿಂದಲೇ ಇರಬೇಕು, “ನೆಲ ಕೊಂಡು ನೋಡು” ಎಂಬ ಮೂರನೆಯ ಮಾತನ್ನು ಸೇರಿಸುವ ಅಗತ್ಯ ಅವರಿಗೆ ತೋರಲಿಲ್ಲ. ಇಂದು ಕಟ್ಟುವ ಕಷ್ಟಕ್ಕಿಂತ ಕೊಳ್ಳುವ ಕಷ್ಟವೇ ಮೊದಲನೆಯದು. ಆ ಕಷ್ಟದಲ್ಲಿ ನಮ್ಮ ಕೈ ಹಿಡಿದು ನಡೆಸುವವನು ದಲ್ಲಾಳಿ.

ದಲ್ಲಾಳಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಒಂದು ಬಗೆಯ ಅನುಮಾನ ಮೂಡುತ್ತದೆ. ಆದರೆ ಈ ಶಬ್ದದ ಮೂಲಾರ್ಥ ಅಷ್ಟು ಕೀಳಾದುದಲ್ಲ. ಇದು ಅರಬ್ಬೀ ಭಾಷೆಯಿಂದ ಬಂದದ್ದು. ಇದರ ಧಾತುವಿಗೆ ದಾರಿ ತೋರಿಸು ಎಂದು ಅರ್ಥ. ಉರ್ದುವಿನಲ್ಲಿ ಪ್ರಮಾಣ, ಸಾಕ್ಷ್ಯ ಎಂಬ ಅರ್ಥದಲ್ಲಿ ಬಳಸುವ ದಲೀಲ್ ಎಂಬ ಶಬ್ದವೂ ಅದೇ ಬೇರಿನಿಂದ ಹುಟ್ಟಿದ್ದು. ದಾರಿಯನ್ನೂ ತೋರಬೇಕು, ಅದಕ್ಕೆ ಪ್ರಮಾಣವನ್ನೂ ಕೊಡಬೇಕು; ದಲ್ಲಾಳಿಯ ಧರ್ಮವೆಲ್ಲ ಈ ಎರಡು ಶಬ್ದಗಳಲ್ಲಿ ಅಡಗಿದೆ. ದಾರಿ ತೋರಿಸುವವನಿಗೇ ದಾರಿ ತಿಳಿಯದಿದ್ದರೆ ಗತಿಯೇನು? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಲಿಲ್ಲ. ಮಸರಕಲ್ಲಿನ ಒಂದು ಜಗುಲಿಯ ಮೇಲೆ ಹುಟ್ಟಿತು.

ಟವೆಲಿನಲ್ಲಿ ಸುತ್ತಿ ತಂದ ಹಣ

ಮಸರಕಲ್ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಊರು. ನನ್ನ ಸೋದರಮಾವನ ಊರು. ಕೃಷ್ಣೆ ತುಂಗಭದ್ರೆಯರ ನಡುವಣ ಈ ಸೀಮೆಯಲ್ಲಿ ಒಂದು ಕಾಲಕ್ಕೆ ನೆಲವನ್ನು ಕೊಳ್ಳುವವರಿಗಿಂತ ಉಳುವವರನ್ನು ಹುಡುಕುವುದೇ ಕಷ್ಟವಾಗಿತ್ತಂತೆ. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ನೀರು ತಂದಿತು. ಸೂರತ್ತಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯ ಗೆರೆ ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ನೆಲದ ಬೆಲೆ ಏರಿತು. ಬೆಲೆಯ ಬೆನ್ನಿಗೆ ದಲ್ಲಾಳಿಗಳೂ ಬಂದರು.

ನನ್ನ ಮಾವ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ 2024ರಲ್ಲಿ ರಾಯಚೂರಿನ ಹೊರವಲಯದಲ್ಲಿ ರಸ್ತೆಗೆ ಹೊಂದಿಕೊಂಡ ಇಪ್ಪತ್ತು ಗುಂಟೆ ಹೊಲವನ್ನು ಕೊಂಡರು. ಮುಂದೆ ಮಗ ಅಲ್ಲೊಂದು ಮನೆ ಕಟ್ಟಿಯಾನೆಂಬುದು ಅವರ ಆಸೆ. ವ್ಯವಹಾರ ಕುದುರಿಸಿದವನು ಅದೇ ಊರಿನ ಯುವಕ, ಒಂದು ಕಾಲಕ್ಕೆ ಅವರದೇ ವಿದ್ಯಾರ್ಥಿ. ಅವನು ರಾಯಚೂರಿಗೆ ಹೋಗಿ 2018ರಲ್ಲಿ ವಿಧಿವತ್ತಾಗಿ ಏಜೆಂಟನೆಂದು ನೋಂದಾಯಿಸಿಕೊಂಡಿದ್ದ. 2023ರಲ್ಲಿ ನವೀಕರಣವನ್ನೂ ಮಾಡಿಸಿಕೊಂಡಿದ್ದ. ಅವನ ಅಂಗಡಿಯ ಗೋಡೆಯ ಮೇಲೆ ಪ್ರಮಾಣಪತ್ರ ಗಾಜಿನ ಚೌಕಟ್ಟಿನಲ್ಲಿ ಮೆರೆಯುತ್ತಿತ್ತು.

ಒಂದು ವರ್ಷ ಕಳೆಯುವಷ್ಟರಲ್ಲಿ ಸಹಾಯಕ ಆಯುಕ್ತರ ಕಚೇರಿಯಿಂದ ಮಾವನಿಗೆ ನೋಟೀಸು ಬಂದಿತು. ಆ ಹೊಲವು ಬಹಳ ಹಿಂದೆ ಪರಿಶಿಷ್ಟ ಜಾತಿಯ ಒಂದು ಕುಟುಂಬಕ್ಕೆ ಸರಕಾರ ಮಂಜೂರು ಮಾಡಿದ್ದ ಭೂಮಿ. ಅನುಮತಿಯಿಲ್ಲದೆ ಅದು ಕೈಯಿಂದ ಕೈಗೆ ಮಾರಾಟವಾಗುತ್ತ ಬಂದಿದೆ. ಮಂಜೂರಾತಿ ಪಡೆದವನ ಮೊಮ್ಮಕ್ಕಳು ಈಗ ಭೂಮಿಯನ್ನು ಮರಳಿ ಕೇಳುತ್ತಿದ್ದಾರೆ.

ನಾನು ಊರಿಗೆ ಹೋದ ದಿನವೇ ಆ ಯುವಕನೂ ಬಂದಿದ್ದ. ತಾನು ಪಡೆದ ಕಮಿಷನ್ನಿನ ಹಣವನ್ನು ಟವೆಲಿನಲ್ಲಿ ಸುತ್ತಿ ತಂದು ಮಾವನ ಮುಂದಿಟ್ಟ.

“ಮಾಸ್ತರ್ರೆ, ನಾನೇನು ನಿಮಗ ಮೋಸ ಮಾಡೀನೇನ್ರಿ? ಪಹಣಿ ನೋಡಿದ್ದೆ, ಮಾರಾವರ ಹೆಸರೇ ಇತ್ತು. ಮಂಜೂರಾತಿ ಭೂಮಿ ಅಂತ ಗೊತ್ತಾದಾಗ ಬಲ್ಲವರನ್ನೂ ಕೇಳಿದ್ದೆ. ಭಾಳ ವರ್ಷ ಆಗ್ಯಾವ, ಇನ್ನ ಯಾರೂ ಕೇಳಾಂಗಿಲ್ಲ ಅಂದಿದ್ರು.”

“ಯಾವಾಗ ಕೇಳಿದ್ದಿ ತಮ್ಮಾ?” ಎಂದರು ಮಾವ.

“ಐದಾರು ವರ್ಷ ಆತ್ರಿ. ಬ್ಯಾರೆ ಒಂದು ವ್ಯವಹಾರದಾಗ ಕೇಳಿದ್ದೆ.”

ಅವನ ಈ ಕೊನೆಯ ಮಾತಿನಲ್ಲಿಯೇ ಇಡೀ ಲೇಖನದ ವಿಷಯವಿದೆ.

ಹಳಸಿದ ಜ್ಞಾನ

ಅವನು ಸುಳ್ಳುಗಾರನಲ್ಲ, ಅವನು ಕೇಳಿ ತಿಳಿದದ್ದು ಆ ಕಾಲಕ್ಕೆ ಪೂರ್ತಿ ತಪ್ಪೂ ಅಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 1978ರದು. ಮಂಜೂರಾತಿಯ ಷರತ್ತನ್ನು ಮುರಿದು, ಇಲ್ಲವೆ ಸರಕಾರದ ಪೂರ್ವಾನುಮತಿ ಪಡೆಯದೆ ಮಾಡಿದ ಮಾರಾಟ ಊರ್ಜಿತವಲ್ಲವೆಂದು ಅದು ಸಾರುತ್ತದೆ. ಭೂಮಿಯನ್ನು ಮರಳಿ ಕೇಳುವ ಅರ್ಜಿಯಾದರೂ ಯುಕ್ತವಾದ ಕಾಲಾವಧಿಯಲ್ಲಿ ಬರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಒಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತು. “ಬಹಳ ವರ್ಷವಾಗಿದೆ, ಭಯವಿಲ್ಲ” ಎಂಬ ಮಾತು ದಲ್ಲಾಳಿಗಳ ಬಾಯಿಗೆ ಬಂದದ್ದು ಹೀಗೆ. ಆದರೆ 2023ರಲ್ಲಿ ರಾಜ್ಯದ ಶಾಸನಸಭೆ ಕಾಯಿದೆಯನ್ನು ತಿದ್ದಿ, ಇಂತಹ ಅರ್ಜಿಗೆ ಕಾಲಮಿತಿಯಿಲ್ಲವೆಂದು ಸೇರಿಸಿತು. ಆ ತಿದ್ದುಪಡಿಯ ವ್ಯಾಪ್ತಿ ಎಷ್ಟೆಂಬುದರ ಬಗೆಗೆ ಉಚ್ಚ ನ್ಯಾಯಾಲಯದಲ್ಲಿ ಅನಂತರವೂ ವಾದಗಳು ನಡೆದಿವೆ. 2018ರಲ್ಲಿ ಕಲಿತ ಪಾಠವನ್ನು ಹಿಡಿದು 2024ರಲ್ಲಿ ನೆಲ ಮಾರಿದವನು ತಾನೂ ಹಳ್ಳಕ್ಕೆ ಬಿದ್ದ, ತನ್ನ ಗುರುವನ್ನೂ ಬೀಳಿಸಿದ.

ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಭೂಮಿಯನ್ನು ಮರಳಿ ಕೇಳುತ್ತಿರುವ ಆ ಮೊಮ್ಮಕ್ಕಳು ಅಪರಾಧಿಗಳಲ್ಲ. ಕೈಸಾಲಕ್ಕೋ ಮದುವೆಗೋ ಬಡವನು ತನಗೆ ಬಂದ ತುಂಡು ನೆಲವನ್ನು ಅಗ್ಗದಲ್ಲಿ ಕಳೆದುಕೊಳ್ಳಬಾರದೆಂದೇ ಹುಟ್ಟಿದ ಕಾಯಿದೆ ಅದು. ಒಂದು ಕಡೆ ಅಜ್ಜನ ಭೂಮಿ, ಇನ್ನೊಂದು ಕಡೆ ಮಾಸ್ತರರ ಮೂವತ್ತು ವರ್ಷದ ದುಡಿಮೆ. ನಡುವೆ ನಿಂತವನಿಗೆ ಒಂದು ಹೊಸ ತಿದ್ದುಪಡಿ ತಿಳಿದಿದ್ದರೆ ಮಾಸ್ತರರು ಈ ಜಗಳದೊಳಕ್ಕೆ ಕಾಲಿಡುತ್ತಲೇ ಇರಲಿಲ್ಲ.

ಬದಲಾದದ್ದು ಈ ಒಂದು ಕಾಯಿದೆಯೇ? ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂದು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಪ್ರಕರಣಗಳು 2020ರ ತಿದ್ದುಪಡಿಯಿಂದ ಹೋದವು. 2023ರಲ್ಲಿ ನೋಂದಣಿಯ ಕೆಲಸ ಕಾವೇರಿ 2.0 ಎಂಬ ಹೊಸ ಗಣಕ ವ್ಯವಸ್ಥೆಗೆ ಬಂದಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಕ್ಕೆ ಏರಿತು. ಐದಾರು ವರ್ಷಗಳ ಹಿಂದೆ ಕಲಿತು ಕಣ್ಣು ಮುಚ್ಚಿಕೊಂಡ ದಲ್ಲಾಳಿ ಇಂದು ಲೆಕ್ಕವನ್ನೂ ತಪ್ಪು ಹೇಳುತ್ತಾನೆ, ಕಾನೂನನ್ನೂ ತಪ್ಪು ಹೇಳುತ್ತಾನೆ.

ಕಾಯಿದೆ ಏನನ್ನು ಕೇಳುತ್ತದೆ?

ದಲ್ಲಾಳಿಯನ್ನು ಕಾನೂನಿನ ಚೌಕಟ್ಟಿಗೆ ತಂದದ್ದು 2016ರ ಸ್ಥಿರಾಸ್ತಿ ಕಾಯಿದೆ. ಜನರ ಬಾಯಲ್ಲಿ ಅದು ‘ರೇರಾ’. ಕರ್ನಾಟಕದಲ್ಲಿ ಇದರ ನಿಯಮಗಳು 2017ರ ಜುಲೈಯಲ್ಲಿ ಬಂದವು. ನೋಂದಾಯಿತ ಯೋಜನೆಯ ನಿವೇಶನವನ್ನಾಗಲಿ ಮನೆಯನ್ನಾಗಲಿ ಮಾರಿಸಿಕೊಡುವವನು ತಾನೂ ನೋಂದಾಯಿಸಿಕೊಳ್ಳಬೇಕು. ಪ್ರತಿ ವ್ಯವಹಾರದಲ್ಲಿಯೂ ತನ್ನ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ನಮ್ಮ ರಾಜ್ಯದಲ್ಲಿ ಈ ನೋಂದಣಿಯ ಆಯುಷ್ಯ ಐದು ವರ್ಷ. ನೋಂದಣಿಯಾಗದ ಯೋಜನೆಯನ್ನು ಮಾರಿಸಕೂಡದು, ಲೆಕ್ಕಪತ್ರ ಇಡಬೇಕು, ಇಲ್ಲದ ಮಂಜೂರಾತಿ ಇದೆಯೆಂದು ಹೇಳಕೂಡದು, ಕೊಳ್ಳುವವನು ಕಾಣಬೇಕಾದ ಕಾಗದಗಳನ್ನು ಕಾಣಿಸಬೇಕು. ಇವು ಹತ್ತನೆಯ ಪ್ರಕರಣ ಅವನಿಗೆ ವಿಧಿಸಿದ ಕರ್ತವ್ಯಗಳು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಸ್ವತ್ತಿನ ಬೆಲೆಯ ನೂರಕ್ಕೆ ಐದರವರೆಗೆ ದಂಡವುಂಟು.

ಇಷ್ಟೆಲ್ಲ ಹೇಳುವ ಕಾಯಿದೆ ನವೀಕರಣದ ಮಾತು ಬಂದಾಗ ಅದರ ರೀತಿ, ಅದರ ಶುಲ್ಕ, ಇವನ್ನು ನಿಯಮಗಳಿಗೆ ಒಪ್ಪಿಸಿ ಸುಮ್ಮನಾಗುತ್ತದೆ. ಈ ಐದು ವರ್ಷಗಳಲ್ಲಿ ನೀನು ಏನನ್ನು ಹೊಸದಾಗಿ ಕಲಿತೆ ಎಂಬ ಪ್ರಶ್ನೆ ಕಾಯಿದೆಯ ಅಕ್ಷರಗಳಲ್ಲಿಲ್ಲ. ಇನ್ನೊಂದು ಕೊರತೆಯೂ ಉಂಟು. ಯೋಜನಾ ಪ್ರದೇಶದೊಳಗಿನ ನಿವೇಶನ, ಕಟ್ಟಡಗಳ ಯೋಜನೆಗಳನ್ನು ಗಮನದಲ್ಲಿಟ್ಟು ರಚಿತವಾದ ಶಾಸನವಿದು. ನಮ್ಮ ಮಾವ ಕೊಂಡಂತಹ ಬರಿಯ ಹೊಲದ ಮಾರಾಟಕ್ಕೆ ಅದರ ನೆರಳು ತಾಗುವುದಿಲ್ಲ. ಅಲ್ಲಿ ಕೊಳ್ಳುವವನಿಗೆ ದಲ್ಲಾಳಿಯ ತಿಳಿವಳಿಕೆಯೇ ರಕ್ಷೆ.

ಹೊರಗಿನವರು ಏನು ಮಾಡಿದ್ದಾರೆ?

ನೆರೆಯ ಮಹಾರಾಷ್ಟ್ರ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಅಲ್ಲಿನ ರೇರಾ ಪ್ರಾಧಿಕಾರ 2023ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯಂತೆ ಏಜೆಂಟನು 20 ತಾಸುಗಳ ಪಾಠ ಕೇಳಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅರ್ಹತಾಪತ್ರ ಪಡೆಯಬೇಕು. ಹೊಸಬರಿಗೆ ಮಾತ್ರವಲ್ಲ, ನವೀಕರಣಕ್ಕೆ ಬಂದ ಹಳಬರಿಗೂ ಈ ನಿಯಮ ಅನ್ವಯಿಸಿತು. ಮೊದಲ ಪರೀಕ್ಷೆ 2023ರ ಮೇ 20ರಂದು ನಡೆಯಿತು. ತಲೆ ನರೆತ ದಲ್ಲಾಳಿಗಳು ಕೂಡ ಪರೀಕ್ಷೆಯ ಕೊಠಡಿಗೆ ಹೋಗಿ ಕೂಡಬೇಕಾಯಿತು. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದಲ್ಲಾಳಿಗೂ ಇದರಿಂದ ವಿನಾಯಿತಿಯಿಲ್ಲ.

ಅಮೆರಿಕದಲ್ಲಿ ಇದು ಹಳೆಯ ಸಂಪ್ರದಾಯ. ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಕ್ಯಾಲಿಫೋರ್ನಿಯದಲ್ಲಿ ಪರವಾನೆಯ ಕಾನೂನು 1919ರಷ್ಟು ಹಿಂದಿನದು. ಅಲ್ಲಿ ಪರವಾನೆ ನಾಲ್ಕು ವರ್ಷದ್ದು. ನವೀಕರಣಕ್ಕೆ 45 ತಾಸುಗಳ ಶಿಕ್ಷಣ ಬೇಕು. ಅದರಲ್ಲಿ ಕನಿಷ್ಠ 18 ತಾಸು ಗ್ರಾಹಕರ ರಕ್ಷಣೆಗೆ ಸಂಬಂಧಿಸಿದ್ದು. ವೃತ್ತಿಧರ್ಮ, ಗಿರಾಕಿಯ ಹಣವನ್ನು ಕಾಪಾಡುವ ರೀತಿ, ಇವು ಅಲ್ಲಿನ ಪಾಠಗಳು. ಇವುಗಳ ಜೊತೆಗೆ ಜನಾಂಗ, ಮತ ಮುಂತಾದವನ್ನು ನೋಡಿ ಯಾರಿಗೂ ಮನೆ ನಿರಾಕರಿಸಬಾರದೆಂಬ ಪಾಠವೂ ಕಡ್ಡಾಯ. ಈ ಕಡೆಯ ಪಾಠ ನಮಗೆ ಬೇಡವೆನ್ನುವವರು ತಮ್ಮ ನಗರದಲ್ಲಿ ಒಮ್ಮೆ ಬಾಡಿಗೆಗೆ ಮನೆ ಹುಡುಕಿ ನೋಡಲಿ. “ತಾವು ಯಾವ ಜನ?” ಎಂಬ ಪ್ರಶ್ನೆ ಬಾಡಿಗೆಯ ಮೊತ್ತಕ್ಕಿಂತ ಮೊದಲು ಬರುತ್ತದೆ, ಮಾಲಿಕನ ಪರವಾಗಿ ಅದನ್ನು ಕೇಳುವವನು ಬಹಳ ಸಲ ದಲ್ಲಾಳಿಯೇ.

ತಾಸುಗಳ ಲೆಕ್ಕ ತುಂಬಿದ ಮಾತ್ರಕ್ಕೆ ವಿದ್ಯೆ ಬಂದೀತೆ ಎಂದು ಕೇಳಬಹುದು. ಅಧ್ಯಾಪಕನಾಗಿ ನನಗೂ ಈ ಸಂದೇಹವುಂಟು. ಹಾಜರಿ ಪುಸ್ತಕದಲ್ಲಿ ಮಾತ್ರ ಇರುವ ವಿದ್ಯಾರ್ಥಿಗಳನ್ನು ನಾನೂ ಕಂಡಿದ್ದೇನೆ. ಶುಲ್ಕ ತೆತ್ತರೆ ಪ್ರಮಾಣಪತ್ರ ಕೊಡುವ ಶಾಲೆಗಳು ತಲೆಯೆತ್ತಿದರೆ ರೋಗಕ್ಕಿಂತ ಮದ್ದೇ ಕೆಡುಕಾದೀತು. ಆದ್ದರಿಂದ ಪಾಠ ಕಿರಿದಾಗಿರಲಿ, ಆದರೆ ನಿಜವಾದುದಾಗಿರಲಿ. ರಾಯಚೂರಿನ ದಲ್ಲಾಳಿಗೆ ರಾಯಚೂರಿನಲ್ಲೇ, ಕನ್ನಡದಲ್ಲೇ ಪಾಠ ನಡೆಯಲಿ. ಪಹಣಿಯ ಒಂದೊಂದು ಕಲಮನ್ನೂ ಓದಿಸಲಿ. ಮಂಜೂರಾತಿಯ ಮೂಲ ಕಡತವನ್ನು ಕೇಳಿ ಪಡೆಯುವುದು ಹೇಗೆ, ಋಣಭಾರ ಪತ್ರ ಏನನ್ನು ಹೇಳುತ್ತದೆ ಮತ್ತು ಏನನ್ನು ಹೇಳುವುದಿಲ್ಲ, ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಯಾವುದು, ನಮೂನೆ 11ಬಿ ಯಾವುದು, ಕಳೆದ ಐದು ವರ್ಷಗಳಲ್ಲಿ ಕಾನೂನು ಎಲ್ಲೆಲ್ಲಿ ಬದಲಾಯಿತು. ಇಷ್ಟು ತಿಳಿಸಿದರೆ ಸಾಕು. ನವೀಕರಣದ ಅರ್ಜಿಯೊಡನೆ ಈ ಪಾಠದ ಪರೀಕ್ಷೆಯೂ ಇರಲಿ. ಹೊಲ ಮಾರಿಸುವ ಹಳ್ಳಿಯ ದಲ್ಲಾಳಿಗೂ ಆ ತರಗತಿಯ ಬಾಗಿಲು ತೆರೆದಿರಲಿ.

ನಾವು ಕೇಳಬೇಕಾದದ್ದು

ಅಲ್ಲಿಯವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನೆಲ ಕೊಳ್ಳುವ ಗೃಹಸ್ಥನೂ ಗೃಹಿಣಿಯೂ ದಲ್ಲಾಳಿಗೆ ಕೆಲವು ಪ್ರಶ್ನೆಗಳನ್ನು ಹಾಕಬಹುದು. ನಿನ್ನ ನೋಂದಣಿ ಸಂಖ್ಯೆ ಏನು? ಅದು ಎಂದು ಮುಗಿಯುತ್ತದೆ? ಬಡಾವಣೆಯಾದರೆ ಅದರ ರೇರಾ ಸಂಖ್ಯೆ ಯಾವುದು? ಕ್ರಯದ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ಪಡೆಯುವಂತಿಲ್ಲವೆಂಬುದು ನಿನಗೆ ಗೊತ್ತೆ? ಈ ಭೂಮಿ ಮೊಟ್ಟಮೊದಲು ಯಾರದು, ಅವರಿಗೆ ಹೇಗೆ ಬಂದಿತು? ಕಡೆಯದಾಗಿ, ನೀನು ಹೇಳುತ್ತಿರುವ ಕಾನೂನನ್ನು ಎಂದು ಕೇಳಿ ತಿಳಿದೆ? ಈ ಪ್ರಶ್ನೆಗಳಿಂದ ಒಳ್ಳೆಯ ದಲ್ಲಾಳಿ ಮುನಿಯುವುದಿಲ್ಲ. ಮುನಿದವನಿಂದ ನಾವು ಕೊಳ್ಳಬೇಕಾಗಿಯೂ ಇಲ್ಲ. ಎಲ್ಲ ಉತ್ತರಗಳು ಸರಿಯಾಗಿ ಬಂದಮೇಲೂ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸುವುದು ಕ್ಷೇಮ.

ಮಸರಕಲ್ಲಿನ ಆ ಸಂಜೆ ಮಾವ ಟವೆಲಿನ ಗಂಟನ್ನು ಬಿಚ್ಚಲಿಲ್ಲ. ಅದನ್ನು ಹಾಗೆಯೇ ಹಿಂದಕ್ಕೆ ಸರಿಸಿ, “ಈ ರೊಕ್ಕ ನನಗ ಬ್ಯಾಡ ತಮ್ಮಾ. ನಾಲ್ಕನೇ ಇಯತ್ತೆಯಾಗ ನಿನಗ ಓದಾಕ ಕಲಿಸಿದಾವ ನಾನು. ಕಾಗದ ಓದೋದು ಕಲಿಸಲಿಲ್ಲ. ಅದು ನನಗೂ ಬರ್ತಿದ್ದಿಲ್ಲ. ಇನ್ನ ಮ್ಯಾಲೆ ಇಬ್ರೂ ಕಲಿಯೋಣು” ಎಂದರು.

ಮಾವನ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ. ಪ್ರತಿ ತಾರೀಖಿಗೂ ಗುರುಶಿಷ್ಯರು ಒಂದೇ ಬಸ್ಸಿನಲ್ಲಿ ಕಚೇರಿಗೆ ಹೋಗಿ, ವಕೀಲರ ಪಕ್ಕದಲ್ಲಿ ಕುಳಿತು ಕಡತದ ಹಾಳೆಗಳನ್ನು ಓದಿಸಿಕೊಂಡು ಬರುತ್ತಾರೆ. ಈಗ ಆ ಯುವಕ ಯಾರಿಗಾದರೂ ನೆಲ ತೋರಿಸುವ ಮೊದಲು ಮಂಜೂರಾತಿಯ ಕಡತವನ್ನು ಹುಡುಕುತ್ತಾನಂತೆ. ಸಿಕ್ಕದಿದ್ದರೆ ಗಿರಾಕಿಯನ್ನು ಹಿಂದಕ್ಕೆ ಕಳುಹಿಸುತ್ತಾನಂತೆ. ಅವನ ವ್ಯಾಪಾರ ಕೊಂಚ ಕಡಿಮೆಯಾಗಿದೆ. ಆದರೆ ಮಸರಕಲ್ಲಿನಲ್ಲಿ ಯಾರಾದರೂ ಹೊಲ ಕೊಳ್ಳಬೇಕೆಂದರೆ, “ಮೊದಲು ಅವನನ್ನ ಕೇಳ್ರಿ” ಎಂದು ಹೇಳುವವರು ನನ್ನ ಮಾವನೇ.