ರೈತನ ಉತ್ಪತ್ತಿಯೂ ಅಂಗಡಿಯ ವಹಿವಾಟೂ

2025ನೆಯ ಇಸವಿ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯವರು ರಾಜ್ಯದ ನಾನಾ ಕಡೆಗಳ ಸಣ್ಣ ವರ್ತಕರಿಗೆ ಸರಕು ಮತ್ತು ಸೇವಾ ತೆರಿಗೆಯ ಸಂಬಂಧವಾಗಿ ನೋಟೀಸುಗಳನ್ನು ಕಳುಹಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇದೆ. 2021–22ನೆಯ ಸಾಲಿನಿಂದ ಮುಂದಕ್ಕೆ ಯು.ಪಿ.ಐ. ಮೂಲಕ ಖಾತೆಗಳಿಗೆ ಜಮೆಯಾದ ಮೊಬಲಗನ್ನು ನೋಡಿ, ಅದು ನಿಯಮಿತ ಮಿತಿಯನ್ನು ಮೀರಿದ್ದ ಕಡೆ ವಿವರಣೆಯನ್ನು ಕೇಳಲಾಗಿದ್ದಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ ಸುಮಾರು 1.63 ಕೋಟಿ ರೂ. ಜಮೆಯ ಮೇಲೆ ಸುಮಾರು 29 ಲಕ್ಷ ರೂ. ತೆರಿಗೆಯ ನೋಟೀಸು ಬಂದುದು ಬಹಳ ಚರ್ಚೆಗೆ ಕಾರಣವಾಯಿತು. ಅನೇಕ ಅಂಗಡಿಗಳವರು ಯು.ಪಿ.ಐ. ಫಲಕವನ್ನು ತೆಗೆದು, ನಗದು ಮಾತ್ರವೆಂದು ಬರೆದು ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಿಂದಿನ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಹಾಲು, ತರಕಾರಿ, ಹಣ್ಣು ಮೊದಲಾದ ವಿನಾಯಿತಿಯುಳ್ಳ ಪದಾರ್ಥಗಳ ಮೇಲೆ ತೆರಿಗೆಯಿಲ್ಲವೆಂದೂ ತಿಳಿಸಿದ ಮೇಲೆ ಗೊಂದಲವು ತಕ್ಕಮಟ್ಟಿಗೆ ಶಮನವಾಯಿತು.

ವರ್ತಕರ ಈ ಪೇಚಾಟವನ್ನು ಕಂಡು ರೈತರಲ್ಲಿಯೂ ಸಂಶಯ ಹುಟ್ಟುವುದು ಸಹಜವೇ. ಗೌರಿಬಿದನೂರಿನ ಮುಸುಕಿನ ಜೋಳ, ಚಿಂತಾಮಣಿಯ ಟೊಮೇಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು, ಡೇರಿಗೆ ಹಾಕಿದ ಹಾಲು, ಇವುಗಳ ಹಣವೂ ಈಗ ಬ್ಯಾಂಕಿನ ಖಾತೆಗೇ ಬರುತ್ತಿದೆ. ಪೂರ್ವದಲ್ಲಿ ಮೊಹತರ್ಫಾ ತೆರಿಗೆಗೆ ಮಗ್ಗವನ್ನೂ ಗಾಣವನ್ನೂ ಅಂಗಡಿಯನ್ನೂ ಕಣ್ಣಿನಿಂದ ನೋಡಿ ಎಣಿಸುತ್ತಿದ್ದರು. ಈಗ ಎಣಿಕೆ ನಡೆಯುವುದು ಖಾತೆಯ ಅಂಕೆಗಳಿಂದ. ಆ ಅಂಕೆಗಳು ಹಣ ಬಂದುದನ್ನು ಹೇಳುತ್ತವೆಯೇ ಹೊರತು, ಅದು ಹೊಲದಿಂದ ಬಂದಿತೋ ಅಂಗಡಿಯಿಂದ ಬಂದಿತೋ ಎಂಬುದನ್ನು ಹೇಳುವುದಿಲ್ಲ. ತೊಂದರೆಯ ಮೂಲವಿರುವುದು ಇಲ್ಲಿಯೇ.

2017ರ ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಲ್ಲಿ ವ್ಯವಸಾಯಗಾರನಿಗೆ ಸ್ಪಷ್ಟವಾದ ರಕ್ಷಣೆಯಿದೆ. ತನ್ನ ಸ್ವಂತ ದುಡಿಮೆಯಿಂದಾಗಲಿ, ಕುಟುಂಬದವರ ದುಡಿಮೆಯಿಂದಾಗಲಿ, ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳಿಂದಾಗಲಿ ಭೂಮಿಯನ್ನು ಸಾಗುವಳಿ ಮಾಡಿಸುವವನು, ಆ ಭೂಮಿಯ ಉತ್ಪತ್ತಿಯನ್ನು ಎಷ್ಟೇ ಮೊಬಲಗಿಗೆ ಮಾರಿದರೂ ಆ ಮಾರಾಟದ ಮಟ್ಟಿಗೆ ನೋಂದಣಿ ಮಾಡಿಸತಕ್ಕದ್ದಿಲ್ಲ. ಆದರೆ ಅದೇ ರೈತನು ನೆರೆಹೊರೆಯವರ ಫಸಲನ್ನು ಕೊಂಡು ತನ್ನದರೊಡನೆ ಸೇರಿಸಿ ಮಾರಿದರೆ, ಕೊಂಡು ಮಾರಿದ ಭಾಗಕ್ಕೆ ಅವನು ವರ್ತಕನಾಗುತ್ತಾನೆ. ಈ ಗೆರೆಯು ಸೂಕ್ಷ್ಮವಾದುದು. ಹಳ್ಳಿಗಳಲ್ಲಿ ಇದನ್ನು ಯೋಚಿಸದೆ ದಾಟುವವರು ಬಹಳ ಮಂದಿ. ಹಾಗೆ ದಾಟಿದರೂ, ಮಾರಿದುದೆಲ್ಲವೂ ತಾಜಾ ತರಕಾರಿ, ಹಣ್ಣು, ಹಾಲುಗಳಂತಹ ತೆರಿಗೆಯಿಲ್ಲದ ಪದಾರ್ಥವೇ ಆಗಿದ್ದರೆ ನೋಂದಣಿಯ ಅವಶ್ಯಕತೆ ಬೀಳುವುದಿಲ್ಲ.

ಸಿಕ್ಕು ಬೀಳುವುದು ಎರಡನ್ನೂ ಇಟ್ಟುಕೊಂಡ ಹಳ್ಳಿಯ ಅಂಗಡಿಯವನಿಗೆ. ಸರಕುಗಳನ್ನು ಮಾತ್ರ ಮಾರುವವನಿಗೆ ವರ್ಷಕ್ಕೆ 40 ಲಕ್ಷ ರೂ., ಚಹದಂಗಡಿ ಮೊದಲಾದ ಸೇವೆಯವರಿಗೆ 20 ಲಕ್ಷ ರೂ. ಮಿತಿಯಿದೆ. ಒಬ್ಬನು ಬಾಳೆಹಣ್ಣು, ಹಾಲು, ತರಕಾರಿಗಳನ್ನು 33 ಲಕ್ಷಕ್ಕೂ, ಬಿಸ್ಕತ್ತು ಸಾಬೂನುಗಳನ್ನು 9 ಲಕ್ಷಕ್ಕೂ ಮಾರಿದನೆಂದು ಭಾವಿಸೋಣ. ಮಿತಿಯನ್ನು ಅಳೆಯುವಾಗ ಎರಡನ್ನೂ ಕೂಡಿಸುವುದರಿಂದ ಮೊತ್ತವು 42 ಲಕ್ಷವಾಗಿ ನೋಂದಣಿ ಕಡ್ಡಾಯವಾಗುತ್ತದೆ. ತೆರಿಗೆಯಾದರೋ 9 ಲಕ್ಷದ ಮೇಲೆ ಮಾತ್ರ. ಒಂದೂವರೆ ಕೋಟಿಯೊಳಗಿನ ವಹಿವಾಟಿನವರಿಗೆ ಇರುವ ರಾಜಿ ತೆರಿಗೆ ಪದ್ಧತಿಗೆ ಅವನು ಸೇರಿದರೆ, ಶೇಕಡಾ ಒಂದರಂತೆ ವರ್ಷಕ್ಕೆ 9,000 ರೂ. ಕೊಟ್ಟು ನಿಶ್ಚಿಂತನಾಗಿರಬಹುದು. ಆದರೆ ಈ ಪದ್ಧತಿಯವನು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ರಾಜ್ಯದ ಹೊರಕ್ಕೆ ಮಾರುವಂತೆಯೂ ಇಲ್ಲ. ಗೌರಿಬಿದನೂರಿನವರು ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಹಿಂದೂಪುರವು ಸಮೀಪದಲ್ಲಿಯೇ ಇದ್ದರೂ ಅದು ಆಂಧ್ರ ಪ್ರದೇಶಕ್ಕೆ ಸೇರಿದುದು. ತೆರಿಗೆಯುಳ್ಳ ಸರಕನ್ನು ಅಲ್ಲಿನ ಅಂಗಡಿಗಳಿಗೆ ಕಳುಹಿಸಿ ಮಾರುವವನಿಗೆ 40 ಲಕ್ಷದ ಮಿತಿಯ ಆಶ್ರಯವೇ ದೊರೆಯುವುದಿಲ್ಲ.

ರಾಗಿಯ ವಿಷಯದಲ್ಲಿಯೂ ಒಂದು ಮಾತು. ಅಳೆದು ತೂಗಿ ಬಿಡಿಯಾಗಿ ಕೊಟ್ಟ ರಾಗಿಗೆ ತೆರಿಗೆಯಿಲ್ಲ. ಮುಂಚಿತವಾಗಿ ತೂಗಿ, 25 ಕಿಲೋ ಮೀರದ ಚೀಲಗಳಲ್ಲಿ ತುಂಬಿ, ಚೀಟಿ ಅಂಟಿಸಿ ಮಾರಿದರೆ 2022ರ ಜುಲೈ 18ರಿಂದ ಶೇಕಡಾ 5ರ ತೆರಿಗೆಯಿದೆ. ಸ್ವಸಹಾಯ ಸಂಘಗಳವರು ಅಂದವಾದ ಚೀಲಗಳನ್ನು ಮಾಡಿಸುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಲೇಸು.

ರೇಷ್ಮೆಯ ವಿಚಾರವು ಇನ್ನೂ ವಿಚಿತ್ರವಾದುದು. ಗೂಡಿಗೂ ಹುರಿಗೊಳಿಸದ ಕಚ್ಚಾ ರೇಷ್ಮೆಗೂ ಸರಕು ಸೇವಾ ತೆರಿಗೆಯಿಲ್ಲ. ರೇಷ್ಮೆ ನೂಲಿಗೆ ಶೇಕಡಾ 5ರಂತೆ ತೆರಿಗೆಯಿದ್ದರೂ, ಅದನ್ನು ತಯಾರಿಸಿದವನು ನೋಂದಾಯಿತ ವರ್ತಕನಿಗೆ ಮಾರಿದಾಗ ಕೊಂಡವನೇ ತೆರಿಗೆಯನ್ನು ಕಟ್ಟತಕ್ಕದ್ದು. ಇಷ್ಟರವರೆಗೆ ಎಲ್ಲವೂ ಅನುಕೂಲವೇ. ಆದರೆ ಆದಾಯ ತೆರಿಗೆಯವರ ದೃಷ್ಟಿ ಬೇರೆ. ಹಿಪ್ಪುನೇರಳೆ ಸೊಪ್ಪನ್ನು ಬೆಳೆದು ಮಾರಿದರೆ ಅದು ಕೃಷಿಯ ವರಮಾನ, ತೆರಿಗೆಯಿಲ್ಲ. ಅದೇ ಸೊಪ್ಪನ್ನು ಹುಳುವಿಗೆ ತಿನ್ನಿಸಿ ಗೂಡು ಮಾರಿದರೆ ಅದು ಕೃಷಿಯ ವರಮಾನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರ ದಶಕದ ಕೊನೆಯ ಭಾಗದಲ್ಲಿ ತೀರ್ಮಾನಿಸಿದೆ. ಗೂಡು ಭೂಮಿಯ ಉತ್ಪತ್ತಿಯಲ್ಲ, ಹುಳುವಿನ ಉತ್ಪತ್ತಿ ಎಂಬುದು ಅದರ ತಾತ್ಪರ್ಯ. ರಾತ್ರಿ ಹಗಲೆನ್ನದೆ ಸೊಪ್ಪು ಕೊಯ್ದು ಹಾಕುವ ಮನೆಯವರಿಗೆ ಈ ಭೇದವು ಒಪ್ಪಿಗೆಯಾಗುವುದು ಕಷ್ಟ; ಕಾನೂನು ಮಾತ್ರ ಹಾಗಿದೆ. ಹಾಲಿನ ವರಮಾನಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆ.

ಭಯಪಡಲು ಕಾರಣವೇನೂ ಇಲ್ಲ. 2025–26ನೆಯ ಸಾಲಿನ ಹೊಸ ಪದ್ಧತಿಯಲ್ಲಿ ಖರ್ಚು ಕಳೆದ ಆದಾಯವು 12 ಲಕ್ಷ ರೂ. ಮೀರದ ನಿವಾಸಿ ವ್ಯಕ್ತಿಗೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಆದರೆ ಆದಾಯವು 4 ಲಕ್ಷವನ್ನು ದಾಟಿದರೆ ವಿವರಪಟ್ಟಿಯನ್ನು ಸಲ್ಲಿಸಬೇಕು. ನಗದಿನಿಂದಲೇ ವ್ಯವಹರಿಸಿದರೆ ಕ್ಷೇಮವೆಂಬ ನಂಬಿಕೆಯೂ ಸರಿಯಲ್ಲ. ಸಣ್ಣ ವ್ಯಾಪಾರದ ಅಂದಾಜು ಆದಾಯವನ್ನು ನಗದು ವಹಿವಾಟಿಗೆ ಶೇಕಡಾ 8ರಂತೆಯೂ, ಬ್ಯಾಂಕಿನ ಮೂಲಕ ಬಂದುದಕ್ಕೆ ಶೇಕಡಾ 6ರಂತೆಯೂ ಎಣಿಸುತ್ತಾರೆ. ಒಬ್ಬನಿಂದ ಒಂದೇ ದಿನದಲ್ಲಿ 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆಯುವುದು 2017ರಿಂದ ನಿಷಿದ್ಧವಾಗಿದೆ.

ನೋಟೀಸು ಬಂದವನು ಅದನ್ನು ಗೂಡಿನಲ್ಲಿ ಸಿಕ್ಕಿಸಿ ಮರೆಯದೆ, ಕೊಟ್ಟ ವಾಯಿದೆಯೊಳಗೆ ಬರಹದ ಮೂಲಕ ಉತ್ತರ ಕೊಡಬೇಕು. ಪಹಣಿ, ಮಾರುಕಟ್ಟೆಯ ಬಿಲ್ಲು, ಗೂಡಿನ ಮಾರುಕಟ್ಟೆಯ ಚೀಟಿ, ಹಾಲಿನ ಸಂಘದ ಪುಸ್ತಕ, ಇವೇ ಅವನ ಸಾಕ್ಷಿಗಳು. ಹೊಲದ ಹಣಕ್ಕೊಂದು, ಅಂಗಡಿಯ ಹಣಕ್ಕೊಂದು, ಹೀಗೆ ಬೇರೆ ಬೇರೆ ಖಾತೆಗಳಿದ್ದರೆ ಉತ್ತರವು ಅರ್ಧ ಸಿದ್ಧವಾದಂತೆಯೇ.

ಊರಿನ ಮುಖಂಡರ ನೆರವು ಬೇಕಾಗುವುದು ಪಹಣಿಯ ವಿಷಯದಲ್ಲಿ. ಎಷ್ಟೋ ಮನೆಗಳಲ್ಲಿ ಪಹಣಿಯು ತೀರಿಹೋದ ತಂದೆಯ ಅಥವಾ ತಾತನ ಹೆಸರಿನಲ್ಲಿಯೇ ನಿಂತಿರುತ್ತದೆ. ಹಣ ಜಮೆಯಾಗುವುದು ಮಗನ ಖಾತೆಗೆ. ದೂರದಲ್ಲಿ ಕುಳಿತು ಕಾಗದವನ್ನು ನೋಡುವ ಅಧಿಕಾರಿಗೆ ಇವೆರಡರ ಸಂಬಂಧವು ಕಾಣುವುದಿಲ್ಲ. ಅಂತಹ ಮನೆಗಳವರಿಂದ ಪೌತಿ ಖಾತೆಗೆ ಅರ್ಜಿ ಹಾಕಿಸುವುದು ಒಳ್ಳೆಯದು. 1974ರಿಂದ ಈಚೆಗೆ ಗೇಣಿಯು ಬಹುಮಟ್ಟಿಗೆ ನಿಷಿದ್ಧವಾಗಿರುವುದರಿಂದ, ಬಾಯಿಮಾತಿನ ಮೇಲೆ ವಾರಕ್ಕೆ ಮಾಡುವವನ ಕೈಯಲ್ಲಿ ಜಮೀನಿನ ಕಾಗದವೇ ಇರುವುದಿಲ್ಲ. ಅಂಥವನು ಮಾರುಕಟ್ಟೆಯ ಬಿಲ್ಲನ್ನೂ ಗೊಬ್ಬರ ಬೀಜಗಳ ರಸೀದಿಯನ್ನೂ ತನ್ನ ಹೆಸರಿನಲ್ಲಿಯೇ ಬರೆಯಿಸಿ ಜೋಪಾನವಾಗಿ ಇಟ್ಟುಕೊಳ್ಳಬೇಕು.